ಸಮುದ್ರದಂಡೆಯ ಕಲ್ಲಿನ ಚಕ್ಕುಲಿ: ಪಳೆಯುಳಿಕೆ ಹುಡುಕುವುದು ಹೇಗೆ, ತೊಳೆಯುವುದು ಹೇಗೆ?

ಪಳೆಯುಳಿಕೆ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಡೈನೋಸಾರ್. ದೊಡ್ಡ ಮೂಳೆ, ಮರುಭೂಮಿ, ಟೋಪಿ ಹಾಕಿಕೊಂಡು ಬ್ರಷ್‌ನಿಂದ ಮಣ್ಣು ಗುಡಿಸುವ ವಿಜ್ಞಾನಿಗಳು. ಆದರೆ ಜಗತ್ತಿನಲ್ಲಿ ಸಿಗುವ ಪಳೆಯುಳಿಕೆಗಳಲ್ಲಿ ಬಹುಪಾಲು ಡೈನೋಸಾರ್‌ನದ್ದಲ್ಲ, ಮೂಳೆಯೂ ಅಲ್ಲ. ಸಮುದ್ರದ ತಳದಲ್ಲಿ ಬದುಕಿ ಸತ್ತ ಚಿಪ್ಪಿನ ಜೀವಿಗಳದ್ದೇ ದೊಡ್ಡ ಪಾಲು. ಅವುಗಳನ್ನು ನೋಡಲು ಮರುಭೂಮಿಗೆ ಹೋಗಬೇಕಿಲ್ಲ. ಸರಿಯಾದ ಜಾಗ ಗೊತ್ತಿದ್ದರೆ ಒಂದು ಶನಿವಾರ ಸಾಕು.

ಅಂಥದ್ದೊಂದು ಜಾಗ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಚಾರ್ಮತ್. ಫೆಬ್ರವರಿಯ ಒಂದು ಶನಿವಾರ, ಜೋರು ಬಿರುಗಾಳಿ ಬೀಸಿ ಹೋದ ಎರಡು ದಿನಗಳ ನಂತರ, ನಾವು ಐದು ಮಂದಿ ಗೆಳೆಯರು ಅಲ್ಲಿಗೆ ಹೋಗಿದ್ದೆವು. ಜೊತೆಗೆ ಒಬ್ಬ ಗೆಳೆಯನ ಏಳು ವರ್ಷದ ಮಗಳು, ಉಡುಪಿಯಿಂದ ಮಗನ ಮನೆಗೆ ಬಂದಿದ್ದ ಇನ್ನೊಬ್ಬನ ಅಮ್ಮ. ಆ ದಿನ ಸಿಕ್ಕಿದ್ದೇನು, ಅದನ್ನು ಗುರುತಿಸಿದ್ದು ಹೇಗೆ, ಮನೆಗೆ ತಂದು ತೊಳೆದದ್ದು ಹೇಗೆ, ಇವೆಲ್ಲದರ ಹಿಂದಿನ ವಿಜ್ಞಾನವೇನು ಎಂಬುದನ್ನು ಇಲ್ಲಿ ನೋಡೋಣ. ತೊಳೆಯುವ ವಿಷಯಕ್ಕೆ ಸ್ವಲ್ಪ ಹೆಚ್ಚೇ ಜಾಗ ಕೊಟ್ಟಿದ್ದೇವೆ. ಏಕೆಂದರೆ ಕೋಟ್ಯಂತರ ವರ್ಷ ನೆಲದೊಳಗೆ ಕೆಡದೆ ಉಳಿದದ್ದು ನಮ್ಮ ಶೋಕೇಸಿನಲ್ಲಿ ಎರಡೇ ವರ್ಷಕ್ಕೆ ಪುಡಿಯಾಗುವುದು ಅಪರೂಪವೇನಲ್ಲ.

ಚಾರ್ಮತ್‌ನಲ್ಲೇ ಏಕೆ ಸಿಗುತ್ತವೆ?

ಇಂಗ್ಲೆಂಡಿನ ಡೆವನ್ ಮತ್ತು ಡಾರ್ಸೆಟ್ ಜಿಲ್ಲೆಗಳ ಅಂಚಿನಲ್ಲಿ ಸುಮಾರು 155 ಕಿಲೋಮೀಟರ್ ಉದ್ದಕ್ಕೂ ಹಬ್ಬಿರುವ ಕರಾವಳಿಗೆ ಜುರಾಸಿಕ್ ಕೋಸ್ಟ್ ಎಂದು ಹೆಸರು. 2001ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಪಶ್ಚಿಮದಿಂದ ಪೂರ್ವಕ್ಕೆ ನಡೆದರೆ ಭೂಮಿಯ ಸುಮಾರು 18.5 ಕೋಟಿ ವರ್ಷಗಳ ಇತಿಹಾಸ ಕಲ್ಲಿನ ಪದರಗಳಲ್ಲಿ ಕಾಣುತ್ತದೆ. ಟ್ರಯಾಸಿಕ್, ಜುರಾಸಿಕ್, ಕ್ರಿಟೇಷಿಯಸ್ ಎಂಬ ಮೂರೂ ಕಾಲಘಟ್ಟಗಳು ಇಲ್ಲಿವೆ.

ಚಾರ್ಮತ್ ಮತ್ತು ಪಕ್ಕದ ಲೈಮ್ ರೀಜಿಸ್ ಪಟ್ಟಣದ ಬಳಿಯ ದಿಬ್ಬಗಳು ಸುಮಾರು 19ರಿಂದ 20 ಕೋಟಿ ವರ್ಷ ಹಳೆಯವು. ಆಗ ಈ ಜಾಗ ಬೆಚ್ಚನೆಯ, ಹೆಚ್ಚು ಆಳವಿಲ್ಲದ ಸಮುದ್ರವಾಗಿತ್ತು. ತಳದಲ್ಲಿ ಕಪ್ಪು ಕೆಸರು. ಆ ಕೆಸರಿನಲ್ಲಿ ಆಮ್ಲಜನಕ ತೀರಾ ಕಡಿಮೆ. ಸತ್ತ ಪ್ರಾಣಿ ಅದರೊಳಗೆ ಹೂತುಹೋದರೆ ಅದನ್ನು ತಿನ್ನಲು, ಕೆದಕಲು ಬೇರೆ ಜೀವಿಗಳು ಬರುವುದು ಕಷ್ಟ. ಮೆತ್ತನೆಯ ಭಾಗ ಕೊಳೆತರೂ ಚಿಪ್ಪು, ಮೂಳೆಗಳು ಉಳಿದವು. ಮೇಲೆ ಪದರದ ಮೇಲೆ ಪದರ ಕೆಸರು ಬಿದ್ದು, ಒತ್ತಡಕ್ಕೆ ಕಲ್ಲಾಯಿತು.

ಇಂದು ಅದೇ ಜೇಡಿಕಲ್ಲಿನ ದಿಬ್ಬಗಳನ್ನು ಸಮುದ್ರ ಕೊರೆಯುತ್ತಿದೆ. ಮಳೆ ನೀರು ಕುಡಿದ ದಿಬ್ಬ ಜಾರಿ ಕೆಸರಿನ ಹೊಳೆಯಂತೆ ದಂಡೆಗೆ ಇಳಿಯುತ್ತದೆ. ಅಲೆಗಳು ಕೆಸರನ್ನು ತೊಳೆದು ಒಯ್ಯುತ್ತವೆ, ಭಾರದ ಪಳೆಯುಳಿಕೆಗಳು ಕಲ್ಲುಗಳ ನಡುವೆ ಉಳಿಯುತ್ತವೆ. ಚಳಿಗಾಲದ ಬಿರುಗಾಳಿಯ ನಂತರ ಹೋಗುವುದು ಇದೇ ಕಾರಣಕ್ಕೆ.

ಹೀಗೆ ಬಿದ್ದದ್ದನ್ನು ಯಾರೂ ಎತ್ತಿಕೊಳ್ಳದಿದ್ದರೆ ಅಲೆ ಅದನ್ನು ಕಲ್ಲಿಗೆ ಉಜ್ಜಿ ಕೆಲವೇ ದಿನಗಳಲ್ಲಿ ಸವೆಸಿಬಿಡುತ್ತದೆ. ಅದಕ್ಕೇ ಇಲ್ಲಿ ದಂಡೆಯ ಮೇಲೆ ಬಿದ್ದಿರುವುದನ್ನು ಸಾರ್ವಜನಿಕರು ಹೆಕ್ಕಿಕೊಳ್ಳಲು ಅವಕಾಶವಿದೆ. ಆದರೆ ಅದಕ್ಕೊಂದು ನೀತಿಸಂಹಿತೆಯೂ ಇದೆ: ದಿಬ್ಬವನ್ನು ಅಗೆಯಬಾರದು, ವೈಜ್ಞಾನಿಕವಾಗಿ ಮಹತ್ವದ್ದೇನಾದರೂ ಸಿಕ್ಕರೆ ಚಾರ್ಮತ್ ಹೆರಿಟೇಜ್ ಕೋಸ್ಟ್ ಸೆಂಟರ್‌ಗೆ ತಿಳಿಸಬೇಕು.

ಹೋಗುವ ಮುನ್ನ: ಗಡಿಯಾರ ನೋಡಿ, ಸುತ್ತಿಗೆ ಆಮೇಲೆ

ಪಳೆಯುಳಿಕೆ ಹುಡುಕಾಟಕ್ಕೆ ಮೊದಲು ಬೇಕಾದ ಸಲಕರಣೆ ಸುತ್ತಿಗೆಯಲ್ಲ, ಉಬ್ಬರ-ಇಳಿತದ ವೇಳಾಪಟ್ಟಿ. ಸಮುದ್ರದ ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ನೀರು ಇಳಿಯುತ್ತಿರುವಾಗ ದಂಡೆಗೆ ಹೋಗಬೇಕು, ಏರಲು ಶುರುವಾದೊಡನೆ ವಾಪಸ್ಸು ಹೊರಡಬೇಕು. ಒಂದು ಪಕ್ಕ ದಿಬ್ಬ, ಇನ್ನೊಂದು ಪಕ್ಕ ಸಮುದ್ರ ಇರುವ ಇಂಥ ಕಡೆ ನೀರು ಏರಿದರೆ ಹಿಂದಿರುಗುವ ದಾರಿಯೇ ಮುಚ್ಚಿಹೋಗುತ್ತದೆ. ನಾವು ಹೋದ ದಿನ ಮಧ್ಯಾಹ್ನ ಒಂದರ ಹೊತ್ತಿಗೆ ನೀರು ಪೂರ್ತಿ ಇಳಿಯುವುದಿತ್ತು. ಹತ್ತೂವರೆಗೆ ಶುರು ಮಾಡಿ ಎರಡು ಗಂಟೆಗೆ ಮುಗಿಸುವುದೆಂದು ಮೊದಲೇ ನಿರ್ಧರಿಸಿದ್ದೆವು.

ಎರಡನೆಯ ಅಪಾಯ ದಿಬ್ಬವೇ. 'ಒಳ್ಳೆಯ ಪಳೆಯುಳಿಕೆ ದಿಬ್ಬದೊಳಗಿರುತ್ತದೆ, ಸುತ್ತಿಗೆಯಿಂದ ಹೊಡೆದು ತೆಗೆಯಬೇಕು' ಎಂಬುದು ಹೊಸಬರಲ್ಲಿ ಸಾಮಾನ್ಯವಾದ ತಪ್ಪು ತಿಳಿವಳಿಕೆ. ಹಾಗೆ ಹೊಡೆಯುವುದು ನಿಯಮಕ್ಕೆ ವಿರುದ್ಧ, ಜೀವಕ್ಕೂ ಅಪಾಯ. ಈ ಕರಾವಳಿಯ ಅತ್ಯಂತ ಪ್ರಸಿದ್ಧ ಪಳೆಯುಳಿಕೆಗಾರ್ತಿ ಮೇರಿ ಆ್ಯನಿಂಗ್ ಕೂಡ ಇದನ್ನು ಕಣ್ಣಾರೆ ಕಂಡವಳು. 1833ರಲ್ಲಿ ದಿಬ್ಬ ಕುಸಿದು ಅವಳ ನಾಯಿ ಟ್ರೇ ಅವಳ ಕಾಲಬುಡದಲ್ಲೇ ಮಣ್ಣುಪಾಲಾಯಿತು. ಅವಳು ಕೂದಲೆಳೆಯಲ್ಲಿ ಪಾರಾದಳು. ನಾವು ದಿಬ್ಬದ ಬುಡದಿಂದ ದೂರ, ನೀರಂಚಿನ ಉರುಟುಗಲ್ಲುಗಳ ನಡುವೆಯೇ ಹುಡುಕಿದೆವು. ಸಿಕ್ಕಿದ್ದೆಲ್ಲ ಅಲ್ಲೇ ಸಿಕ್ಕಿತು.

ಕಲ್ಲುಗುಂಡು ಒಡೆಯಲೇಬೇಕೆಂದಿದ್ದರೆ ಭೂವಿಜ್ಞಾನಿಗಳು ಬಳಸುವ ಸುತ್ತಿಗೆ ಬೇಕು. ಮೊಳೆ ಹೊಡೆಯುವ ಬಡಗಿ ಸುತ್ತಿಗೆಯ ಉಕ್ಕು ಕಲ್ಲಿಗೆ ತಾಗಿ ಚೂರಾಗಿ ಕಣ್ಣಿಗೆ ಹಾರಬಹುದು. ಯಾವ ಸುತ್ತಿಗೆಯಾದರೂ ಸರಿ, ಕಣ್ಣಿಗೆ ಕನ್ನಡಕ ಕಡ್ಡಾಯ.

ಕಲ್ಲುಗಳ ನಡುವೆ ಗುರುತಿಸುವುದು ಹೇಗೆ?

ಮೊದಲ ಅರ್ಧ ಗಂಟೆ ಯಾರಿಗೂ ಏನೂ ಕಾಣಲಿಲ್ಲ. ಇದು ಎಲ್ಲರ ಅನುಭವ. ಲಕ್ಷಗಟ್ಟಲೆ ಕಲ್ಲುಗಳ ನಡುವೆ ಕಣ್ಣು ಏನನ್ನು ಹುಡುಕಬೇಕು ಎಂಬುದು ಮಿದುಳಿಗೆ ಗೊತ್ತಿರುವುದಿಲ್ಲ. ಮೊದಲನೆಯದು ಸಿಕ್ಕ ಮೇಲೆ ಎರಡನೆಯದು ಬೇಗ ಸಿಗುತ್ತದೆ. ನಮ್ಮಲ್ಲಿ ಮೊದಲು ಕಂಡದ್ದು ಏಳು ವರ್ಷದ ಹುಡುಗಿಗೆ. ಮಕ್ಕಳ ಕಣ್ಣು ನೆಲಕ್ಕೆ ಹತ್ತಿರ.

ಹುಡುಕಬೇಕಾದದ್ದು ಮೂರು ಗುರುತು. ಒಂದು, ಕ್ರಮಬದ್ಧತೆ: ಒಂದೇ ಅಂತರದ ಗೆರೆಗಳು, ಸುರುಳಿ, ನಕ್ಷತ್ರದಾಕಾರ. ಬರಿಯ ಕಲ್ಲಿನಲ್ಲಿ ಇವು ಅಪರೂಪ. ಎರಡು, ಹೊಳಪು: ಚಿನ್ನ ಅಥವಾ ಹಿತ್ತಾಳೆಯ ಬಣ್ಣದ ಮಿಂಚು. ಮೂರು, ತೂಕ: ಗಾತ್ರಕ್ಕೆ ಮೀರಿದ ಭಾರ. ಪೈರೈಟ್ ಎಂಬ ಖನಿಜ ಅದೇ ಗಾತ್ರದ ಬೆಣಚುಕಲ್ಲಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಭಾರ.

ಮೋಸ ಮಾಡುವ ಕಲ್ಲುಗಳೂ ಇವೆ. ನಾರುನಾರಾಗಿ ಕಾಣುವ ಕಂದು ಕಲ್ಲನ್ನು ನೋಡಿ ನಮ್ಮಲ್ಲೊಬ್ಬ 'ಮರದ ಪಳೆಯುಳಿಕೆ!' ಎಂದು ಕೂಗಿದ. ಅದು ನಾರಿನ ರೂಪದಲ್ಲಿ ಬೆಳೆದ ಕ್ಯಾಲ್ಸೈಟ್ ಖನಿಜ. ಮಾಂಸದ ನಾರಿನಂತೆ ಕಾಣುವುದರಿಂದ ಇಲ್ಲಿನವರು ಅದಕ್ಕೆ 'ಬೀಫ್' ಎಂದೇ ಹೆಸರಿಟ್ಟಿದ್ದಾರೆ, ಭೂವಿಜ್ಞಾನದ ಪುಸ್ತಕಗಳಲ್ಲೂ ಅದೇ ಹೆಸರು. ಹಾಗೆಯೇ ಕಲ್ಲಿನ ಮೇಲೆ ಜರೀಗಿಡದಂತೆ ಕಾಣುವ ಕಪ್ಪು ಕವಲುಗಳು ಎಷ್ಟೋ ಸಲ ಗಿಡವಲ್ಲ, ಬಿರುಕಿನಲ್ಲಿ ಹರಿದ ನೀರು ಬಿಟ್ಟುಹೋದ ಮ್ಯಾಂಗನೀಸ್ ಖನಿಜ.

ಮೂರೂವರೆ ಗಂಟೆಯ ಕೊನೆಗೆ ಎಲ್ಲರ ಚೀಲ ಸೇರಿಸಿ ನೋಡಿದರೆ ನಮ್ಮ ಗಳಿಕೆ ಹೀಗಿತ್ತು: ಹನ್ನೊಂದು ಪುಟ್ಟ ಅಮೋನೈಟ್‌ಗಳು, ಇಪ್ಪತ್ತಕ್ಕೂ ಹೆಚ್ಚು ಬೆಲೆಮ್ನೈಟ್ ತುಂಡುಗಳು, ನಾಲ್ಕು ಗ್ರೈಫಿಯಾ ಚಿಪ್ಪು, ನಕ್ಷತ್ರದಾಕಾರದ ಕೆಲವು ಚೂರುಗಳು, ಒಂದೇ ಒಂದು ಮೂಳೆ.

ಸಿಕ್ಕಿದ್ದು ಏನೇನು?

ಅಮೋನೈಟ್ ಎಂದರೆ ಸುರುಳಿ ಚಿಪ್ಪಿನೊಳಗೆ ಬದುಕುತ್ತಿದ್ದ ಸಮುದ್ರಜೀವಿ. ನೋಡಲು ಕಲ್ಲಿನ ಚಕ್ಕುಲಿ. ಬಸವನಹುಳದಂತೆ ಕಂಡರೂ ಅದರ ಹತ್ತಿರದ ಸಂಬಂಧಿಗಳು ಆಕ್ಟೋಪಸ್ ಮತ್ತು ನಮ್ಮ ಕರಾವಳಿಯವರು ಬೊಂಡಾಸ್ ಎನ್ನುವ ಸ್ಕ್ವಿಡ್. ಚಿಪ್ಪಿನೊಳಗೆ ಗೋಡೆಗಳಿಂದ ಬೇರ್ಪಟ್ಟ ಕೋಣೆಗಳು. ಪ್ರಾಣಿ ಇರುತ್ತಿದ್ದದ್ದು ಹೊರಗಿನ ಕೊನೆಯ ಕೋಣೆಯಲ್ಲಿ ಮಾತ್ರ. ಉಳಿದವುಗಳಲ್ಲಿ ಅನಿಲ ತುಂಬಿಕೊಂಡು ತೇಲುತ್ತಿತ್ತು. ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಡೈನೋಸಾರ್‌ಗಳು ಅಳಿದ ಕಾಲದಲ್ಲೇ, ಅಮೋನೈಟ್‌ಗಳ ಕುಲವೂ ಅಳಿಯಿತು.

ಬೆಲೆಮ್ನೈಟ್ ಕೂಡ ಸ್ಕ್ವಿಡ್‌ನಂಥದ್ದೇ ಜೀವಿ. ನಮಗೆ ಸಿಗುವುದು ಅದರ ದೇಹದೊಳಗಿದ್ದ ಗಟ್ಟಿ ಕಡ್ಡಿ. ಸ್ಲೇಟಿನಲ್ಲಿ ಬರೆಯುವ ಬಳಪದ ತುಂಡೊಂದನ್ನು ಒಂದು ತುದಿಯಲ್ಲಿ ಚೂಪು ಮಾಡಿದರೆ ಹೇಗೋ ಹಾಗೆ. ಸಿಡಿಲು ಬಡಿದಲ್ಲಿ ಆಕಾಶದಿಂದ ಇವು ಬೀಳುತ್ತವೆ ಎಂದು ಇಂಗ್ಲೆಂಡಿನ ಹಳ್ಳಿಗರು ಹಿಂದೆ ನಂಬಿದ್ದರು. ದಪ್ಪಗೆ ಬಾಗಿದ ಗ್ರೈಫಿಯಾ ಒಂದು ಬಗೆಯ ಸಿಂಪಿ. ಅದಕ್ಕೆ ಅವರಿಟ್ಟ ಹೆಸರು 'ಸೈತಾನನ ಕಾಲುಗುರು'. ನಕ್ಷತ್ರದಾಕಾರದ ಚೂರುಗಳು ಕ್ರೈನಾಯ್ಡ್ ಎಂಬ ಜೀವಿಯ ದಂಟಿನ ತುಣುಕುಗಳು. ಅದನ್ನು ಸಮುದ್ರ ಲಿಲ್ಲಿ ಎನ್ನುತ್ತಾರೆ. ಗಿಡದಂತೆ ಕಂಡರೂ ಅದು ನಕ್ಷತ್ರಮೀನಿನ ನೆಂಟ.

ಇನ್ನು ಮೂಳೆ. ಕೇರಂ ಸ್ಟ್ರೈಕರ್‌ನಷ್ಟು ಅಗಲ, ಎರಡೂ ಮುಖ ಒಳಕ್ಕೆ ತಗ್ಗು. ಇಕ್ತಿಯೋಸಾರ್ ಎಂಬ ಸಮುದ್ರ ಸರೀಸೃಪದ ಬೆನ್ನುಮೂಳೆಯ ಒಂದು ಬಿಲ್ಲೆ. ಇಕ್ತಿಯೋಸಾರ್ ಡೈನೋಸಾರ್ ಅಲ್ಲ. ಡಾಲ್ಫಿನ್‌ನಂತೆ ಕಾಣುತ್ತಿದ್ದ ಬೇರೆಯೇ ಗುಂಪಿನ ಪ್ರಾಣಿ. 1811ರಲ್ಲಿ ಮೇರಿ ಆ್ಯನಿಂಗ್‌ಳ ಅಣ್ಣ ಜೋಸೆಫ್ ಇಲ್ಲೇ ಇಂಥದ್ದೊಂದರ ತಲೆಬುರುಡೆ ಕಂಡ. ಮರುವರ್ಷ, ಇನ್ನೂ ಹದಿಮೂರು ತುಂಬುವ ಹೊತ್ತಿನ ಮೇರಿ ಉಳಿದ ಅಸ್ಥಿಪಂಜರವನ್ನು ಪತ್ತೆ ಮಾಡಿದಳು. 1823ರಲ್ಲಿ ಅವಳು ಪ್ಲೀಸಿಯೋಸಾರ್‌ನ ಪೂರ್ಣ ಅಸ್ಥಿಪಂಜರವನ್ನೂ ಹುಡುಕಿದಳು.

ನಮ್ಮ ಬಿಲ್ಲೆಯನ್ನು ಹೆರಿಟೇಜ್ ಸೆಂಟರ್‌ನಲ್ಲಿ ತೋರಿಸಿದೆವು. ಒಂಟಿ ಬಿಲ್ಲೆಗಳು ಇಲ್ಲಿ ಆಗಾಗ ಸಿಗುತ್ತವೆ, ನೀವೇ ಇಟ್ಟುಕೊಳ್ಳಿ ಎಂದರು. ಅದೇ ನಾಲ್ಕೈದು ಬಿಲ್ಲೆಗಳು ಸಾಲಾಗಿ ಕಲ್ಲಿನೊಳಗೆ ಇದ್ದಿದ್ದರೆ ಮಾತೇ ಬೇರೆ. ಪಕ್ಕದಲ್ಲಿ ಇಡೀ ಅಸ್ಥಿಪಂಜರ ಇರಬಹುದು. ಅಂಥದ್ದನ್ನು ಮುಟ್ಟದೆ, ಫೋಟೋ ತೆಗೆದು, ಜಾಗ ಗುರುತಿಟ್ಟು, ತಿಳಿದವರಿಗೆ ಹೇಳಬೇಕು.

'ಇದು ಸಾಲಿಗ್ರಾಮವಲ್ಲವಾ?'

ಸಂಜೆ ಮನೆಗೆ ಬಂದು ಅಡುಗೆಮನೆಯ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ, ಎಲ್ಲವನ್ನೂ ಹರಡಿ, ಒಂದು ಅಮೋನೈಟ್‌ಗೆ ಬ್ರಷ್ ಹಾಕುವಷ್ಟರಲ್ಲಿ ಗೆಳೆಯನ ಅಮ್ಮ ಕೈ ಹಿಡಿದರು. "ಏ ಮಾರಾಯ, ನಿಲ್ಲು. ಇದು ನಮ್ಮ ದೇವರ ಕೋಣೆಯ ಸಾಲಿಗ್ರಾಮದ ಹಾಗೇ ಉಂಟಲ್ಲ? ಇದಕ್ಕೆ ಹಲ್ಲುಜ್ಜುವ ಬ್ರಷ್ ಹಾಕುವುದಾ?"

ಪ್ರಶ್ನೆ ಸರಿಯಾಗಿಯೇ ಇತ್ತು. ಕರ್ನಾಟಕದ ಎಷ್ಟೋ ಮನೆಗಳಲ್ಲಿ ತಲೆಮಾರುಗಳಿಂದ ಪೂಜೆಗೊಳ್ಳುತ್ತಿರುವ ಸಾಲಿಗ್ರಾಮಗಳಲ್ಲಿ, ಚಕ್ರದ ಗುರುತಿರುವ ಬಹುಪಾಲು ಅಮೋನೈಟ್‌ಗಳೇ. ನೇಪಾಳದ ಕಾಳಿಗಂಡಕಿ ನದಿಯಲ್ಲಿ, ಮುಕ್ತಿನಾಥದ ಸುತ್ತಮುತ್ತ ಅವು ಸಿಗುತ್ತವೆ. ಸುಮಾರು 15 ಕೋಟಿ ವರ್ಷಗಳ ಹಿಂದೆ ಅಲ್ಲಿ ಹಿಮಾಲಯ ಇರಲಿಲ್ಲ, ಟೆಥಿಸ್ ಎಂಬ ಸಮುದ್ರವಿತ್ತು. ಅದರ ತಳದ ಕಪ್ಪು ಕೆಸರಿನಲ್ಲಿ ಸತ್ತು ಬಿದ್ದ ಅಮೋನೈಟ್‌ಗಳ ಸುತ್ತ ಖನಿಜಗಳು ಸೇರಿ ಗಟ್ಟಿ ಗುಂಡುಗಳಾದವು. ಮುಂದೆ ಭಾರತದ ಭೂಫಲಕ ಏಷ್ಯಾಕ್ಕೆ ಡಿಕ್ಕಿ ಹೊಡೆದು ಸಮುದ್ರದ ತಳವೇ ಮೇಲೆದ್ದು ಪರ್ವತವಾಯಿತು. ನದಿ ಆ ಪದರಗಳನ್ನು ಕೊರೆದು, ಗುಂಡುಗಳನ್ನು ಉರುಳಿಸಿ, ನುಣುಪು ಮಾಡಿ ಕೊಡುತ್ತಿದೆ.

ವಜ್ರಕೀಟ ಎಂಬ ಹುಳು ಕಲ್ಲನ್ನು ಕೊರೆದು ಒಳಗೆ ಚಕ್ರ ಮೂಡಿಸುತ್ತದೆ ಎಂಬುದು ಸಂಪ್ರದಾಯದ ವಿವರಣೆ. ಯಾವ ಹುಳುವೂ ಆ ಸುರುಳಿಯನ್ನು ಕೊರೆದದ್ದಲ್ಲ, ಅದು ಚಿಪ್ಪಿನದೇ ಅಚ್ಚು ಎಂಬುದು ವಿಜ್ಞಾನದ ಉತ್ತರ. ಆದರೆ ಆ ವಿವರಣೆಯನ್ನು ಕೊಟ್ಟವರ ಗಮನಿಕೆ ಚೂಪಾಗಿತ್ತು ಎನ್ನಬೇಕು: ಈ ಆಕಾರ ಕಲ್ಲಿನದಲ್ಲ, ಜೀವಿಯೊಂದರಿಂದ ಬಂದದ್ದು ಎಂಬುದನ್ನು ಅವರು ಕಂಡುಕೊಂಡಿದ್ದರು. ಇಂಗ್ಲೆಂಡಿನ ವಿಟ್ಬಿ ಪಟ್ಟಣದ ಜನ ಇದೇ ಸುರುಳಿಯನ್ನು ಹಾವೆಂದುಕೊಂಡರು. ಸಂತ ಹಿಲ್ಡಾ ಅಲ್ಲಿನ ಹಾವುಗಳನ್ನೆಲ್ಲ ಕಲ್ಲಾಗಿಸಿದಳು ಎಂಬುದು ಅವರ ಕಥೆ. ತಲೆಯಿಲ್ಲದ ಹಾವು ಎಲ್ಲಿಯದು ಎಂದು ಯಾರಾದರೂ ಕೇಳಬಾರದಲ್ಲ, ವ್ಯಾಪಾರಿಗಳು ಅಮೋನೈಟ್‌ಗೆ ಹಾವಿನ ತಲೆ ಕೆತ್ತಿ ಮಾರುತ್ತಿದ್ದರು.

ಚಾರ್ಮತ್‌ನ ಅಮೋನೈಟ್ ಬೇರೆ ಸಮುದ್ರದ್ದು, ಸಾಲಿಗ್ರಾಮದ್ದಕ್ಕಿಂತ ನಾಲ್ಕೈದು ಕೋಟಿ ವರ್ಷ ಹಳೆಯದು ಎಂದು ಹೇಳಿದೆವು. "ಹಾಗಾದರೆ ಇದು ಅದರ ಅಜ್ಜ. ಮೆಲ್ಲಗೆ ಉಜ್ಜಿ" ಎಂದು ಅವರೇ ಬ್ರಷ್ ತೆಗೆದುಕೊಂಡು ಕೂತರು. ಪೂಜೆ ಮಾಡಬೇಕೇ ಬೇಡವೇ ಎಂಬುದು ವಿಜ್ಞಾನದ ಪ್ರಶ್ನೆಯಲ್ಲ. ಕಲ್ಲು ಹೇಗಾಯಿತು ಎಂಬುದಷ್ಟೇ ಅದರ ಪ್ರಶ್ನೆ.

ತೊಳೆಯುವುದು: ಎಲ್ಲಕ್ಕೂ ಒಂದೇ ಮದ್ದಿಲ್ಲ

ಇಲ್ಲಿ ನೆನಪಿಡಬೇಕಾದ ಸೂತ್ರ ಒಂದೇ. ಪಳೆಯುಳಿಕೆ ಯಾವ ಪ್ರಾಣಿಯದು ಎನ್ನುವುದಕ್ಕಿಂತ ಅದು ಈಗ ಯಾವ ಖನಿಜದ್ದು ಎಂಬುದರ ಮೇಲೆ ತೊಳೆಯುವ ವಿಧಾನ ನಿರ್ಧಾರವಾಗುತ್ತದೆ. ಆದ್ದರಿಂದ ಮೊದಲ ಕೆಲಸ ವಿಂಗಡಣೆ.

ಕ್ಯಾಲ್ಸೈಟ್‌ನವು: ಬೆಲೆಮ್ನೈಟ್, ಗ್ರೈಫಿಯಾ, ಕ್ರೈನಾಯ್ಡ್ ಈ ಗುಂಪಿನವು. ಗಟ್ಟಿಮುಟ್ಟು. ಸಿಹಿನೀರಿನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದರೆ ಸಾಕು. ಸಂದಿಗಳಲ್ಲಿ ಉಳಿದ ಮಣ್ಣಿಗೆ ಮರದ ಹಲ್ಲುಕಡ್ಡಿ.

ಮೂಳೆ: ಇದರ ರಂಧ್ರಗಳ ತುಂಬ ಸಮುದ್ರದ ಉಪ್ಪು ಸೇರಿರುತ್ತದೆ. ಹಾಗೇ ಒಣಗಿಸಿದರೆ ಉಪ್ಪು ಹರಳುಗಟ್ಟುವಾಗ ಹಿಗ್ಗಿ ಮೂಳೆಯ ಮೇಲ್ಮೈಯನ್ನು ಚಕ್ಕೆಯೆಬ್ಬಿಸುತ್ತದೆ. ಕರಾವಳಿಯ ಮನೆಗಳಲ್ಲಿ ಉಪ್ಪುಗಾಳಿಗೆ ಗೋಡೆಯ ಗಾರೆ ಉದುರುವುದೂ ಇದೇ ಕಾರಣಕ್ಕೆ. ನಾವು ಬಿಲ್ಲೆಯನ್ನು ಒಂದು ಡಬ್ಬದಲ್ಲಿ ಸಿಹಿನೀರು ಹಾಕಿ ಮುಳುಗಿಸಿ, ದಿನಕ್ಕೊಮ್ಮೆ ನೀರು ಬದಲಿಸುತ್ತ ಒಂದು ವಾರ ಇಟ್ಟೆವು. ಆಮೇಲೆ ನೆರಳಿನಲ್ಲಿ ನಿಧಾನವಾಗಿ ಒಣಗಿಸಿದೆವು. ಬಿಸಿಲಿಗೋ ಹೀಟರ್ ಮೇಲೋ ಇಟ್ಟರೆ ಬಿರುಕು ಬಿಡುತ್ತದೆ. ಜೇಡಿಕಲ್ಲಿಗೆ ಅಂಟಿಕೊಂಡ ಪಳೆಯುಳಿಕೆಗೂ ನಿಧಾನವೇ ಸರಿ.

ಪೈರೈಟ್‌ನವು: ನಮ್ಮ ಹನ್ನೊಂದು ಅಮೋನೈಟ್‌ಗಳಲ್ಲಿ ಒಂಬತ್ತು ಇಂಥವು. ಇವಕ್ಕೆ ಮೇಲಿನದರ ತದ್ವಿರುದ್ಧ ಉಪಚಾರ. ಸಿಹಿನೀರಿನಲ್ಲಿ ಚುರುಕಾಗಿ ತೊಳೆಯಬೇಕು, ಉಪ್ಪು ಕೆಸರು ಹೋದೊಡನೆ ಹೊರತೆಗೆಯಬೇಕು, ಬಟ್ಟೆಯಲ್ಲಿ ಒರೆಸಿ ಬೆಚ್ಚನೆಯ ಜಾಗದಲ್ಲಿ ಬೇಗನೆ ಪೂರ್ತಿ ಒಣಗಿಸಬೇಕು. ದಿನಗಟ್ಟಲೆ ನೆನೆಸುವುದು ಇವಕ್ಕೆ ಹಾನಿ. ಏಕೆ ಎಂಬುದನ್ನು ಮುಂದೆ ನೋಡೋಣ.

ವಿನೆಗರ್ ಹಾಕಿದರೆ ಹೊಳೆಯುತ್ತದೆಯೇ?

'ವಿನೆಗರ್ ಅಥವಾ ನಿಂಬೆರಸದಲ್ಲಿ ನೆನೆಸಿಟ್ಟರೆ ಪಳೆಯುಳಿಕೆ ಸ್ವಚ್ಛವಾಗಿ ಹೊಳೆಯುತ್ತದೆ' ಎಂಬ ಸಲಹೆ ವಿಡಿಯೋಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಇದು ಅರ್ಧ ಸತ್ಯ, ಹಾಗಾಗಿಯೇ ಅಪಾಯ.

ವಿನೆಗರ್‌ನಲ್ಲಿರುವುದು ಅಸಿಟಿಕ್ ಆಮ್ಲ. ಅದು ಸುಣ್ಣಕಲ್ಲನ್ನು ಕರಗಿಸುತ್ತದೆ. ಆಗ ಕಾರ್ಬನ್ ಡೈಆಕ್ಸೈಡ್ ಗುಳ್ಳೆ ಏಳುತ್ತದೆ. ಪ್ರಯೋಗಾಲಯಗಳಲ್ಲಿ ಸುಣ್ಣಕಲ್ಲಿನೊಳಗೆ ಸಿಕ್ಕಿಕೊಂಡ ಮೂಳೆಯನ್ನು ಬಿಡಿಸಲು ತಿಳಿಯಾದ ಅಸಿಟಿಕ್ ಆಮ್ಲ ಬಳಸುವುದು ನಿಜ. ಅದು ನಡೆಯುವುದು ಮೂಳೆ ಕ್ಯಾಲ್ಸಿಯಂ ಫಾಸ್ಫೇಟ್ ಆಗಿರುವುದರಿಂದ. ಕಲ್ಲು ಕರಗುತ್ತದೆ, ಮೂಳೆ ಅಷ್ಟು ಸುಲಭಕ್ಕೆ ಕರಗುವುದಿಲ್ಲ. ಅಲ್ಲೂ ಕೆಲಸ ಹಂತಹಂತವಾಗಿ ನಡೆಯುತ್ತದೆ, ಹೊರಬಂದ ಮೂಳೆಗೆ ರಕ್ಷಣೆಯ ಲೇಪ ಹಚ್ಚುತ್ತಾರೆ, ಆಮ್ಲ ಪೂರ್ತಿ ಹೋಗುವವರೆಗೆ ತೊಳೆಯುತ್ತಾರೆ.

ಆದರೆ ಬೆಲೆಮ್ನೈಟ್, ಸಿಂಪಿ, ಕ್ಯಾಲ್ಸೈಟ್ ಆದ ಅಮೋನೈಟ್ ಇವೆಲ್ಲ ಸುಣ್ಣಕಲ್ಲಿನದೇ ವಸ್ತು. ವಿನೆಗರ್‌ಗೆ ಕಲ್ಲು ಯಾವುದು, ಪಳೆಯುಳಿಕೆ ಯಾವುದು ಎಂಬ ಭೇದ ತಿಳಿಯದು. ಎರಡನ್ನೂ ತಿನ್ನುತ್ತದೆ. ಮೊದಲು ಹೋಗುವುದು ಸೂಕ್ಷ್ಮ ಗೆರೆಗಳು, ಮತ್ತು ಜಾತಿ ಗುರುತಿಸಲು ಬೇಕಾದದ್ದು ಅವೇ. ಮನೆಯಲ್ಲಿರುವ ಸಾಲಿಗ್ರಾಮ ಅಸಲಿಯೋ ನಕಲಿಯೋ ಎಂದು ಪರೀಕ್ಷಿಸಲು ಆಮ್ಲ ಹಾಕುವುದು, ಒಡೆದು ನೋಡುವುದು ಕೂಡ ಬೇಡ.

ಹಾಗಾದರೆ ಗಟ್ಟಿ ಕಲ್ಲಿನೊಳಗಿನ ಅಮೋನೈಟನ್ನು ಅಷ್ಟು ಅಂದವಾಗಿ ಹೊರತೆಗೆಯುವುದು ಹೇಗೆ? ಗಾಳಿಯ ಒತ್ತಡದಿಂದ ಕುಟ್ಟುವ ಪೆನ್ನಿನಂಥ ಉಳಿಯಿಂದ. ದಂತವೈದ್ಯರ ಡ್ರಿಲ್‌ನ ನೆಂಟ ಎನ್ನಬಹುದು. ಕೊನೆಯ ಹಂತದಲ್ಲಿ ಸಣ್ಣ ಪುಡಿಯನ್ನು ಗಾಳಿಯೊಂದಿಗೆ ಊದಿ ಉಜ್ಜುತ್ತಾರೆ. ಒಂದು ಒಳ್ಳೆಯ ಅಮೋನೈಟ್‌ಗೆ ಹತ್ತಾರು ಗಂಟೆ ಹಿಡಿಯುವುದುಂಟು. ಕಲ್ಲಿನ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮಾಸ್ಕ್ ಇಲ್ಲದೆ ಈ ಕೆಲಸಕ್ಕೆ ಇಳಿಯಬಾರದು.

ಪೈರೈಟ್ ರೋಗ: ಕಲ್ಲಿಗೂ ಕಾಯಿಲೆ

ಪೈರೈಟ್ ಎಂದರೆ ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜ. ಚಿನ್ನದಂತೆ ಹೊಳೆಯುವುದರಿಂದ 'ಮೂರ್ಖರ ಚಿನ್ನ' ಎಂಬ ಹೆಸರೂ ಇದೆ. ಅಮೋನೈಟ್ ಪೈರೈಟ್ ಆದದ್ದು ಹೀಗೆ: ಆಮ್ಲಜನಕವಿಲ್ಲದ ಕೆಸರಿನಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಸಮುದ್ರದ ನೀರಿನ ಸಲ್ಫೇಟ್ ಬಳಸಿ ಬದುಕುತ್ತವೆ, ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಕೊಳೆತ ಮೊಟ್ಟೆಯ ವಾಸನೆಯ ಅನಿಲ ಅದೇ. ಕೆಸರಿನಲ್ಲಿದ್ದ ಕಬ್ಬಿಣದೊಂದಿಗೆ ಅದು ಸೇರಿ ಕೊನೆಗೆ ಪೈರೈಟ್ ಆಗಿ ಚಿಪ್ಪಿನ ಖಾಲಿ ಕೋಣೆಗಳನ್ನು ತುಂಬಿತು. ನಾವು ಕೈಯಲ್ಲಿ ಹಿಡಿದದ್ದು ಎಷ್ಟೋ ಸಲ ಚಿಪ್ಪಲ್ಲ, ಚಿಪ್ಪಿನ ಒಳಗಿನ ಎರಕ.

ಆಮ್ಲಜನಕವಿಲ್ಲದ ಕಡೆ ಹುಟ್ಟಿದ ಈ ಖನಿಜ ಗಾಳಿಗೆ ಬಂದೊಡನೆ ತೊಂದರೆ ಶುರು. ಆಮ್ಲಜನಕ ಮತ್ತು ತೇವಾಂಶ ಸೇರಿ ಪೈರೈಟನ್ನು ಕಬ್ಬಿಣದ ಸಲ್ಫೇಟ್ ಮತ್ತು ಗಂಧಕಾಮ್ಲವಾಗಿ ಒಡೆಯುತ್ತವೆ. ಹೊಸ ವಸ್ತುವಿಗೆ ಹೆಚ್ಚು ಜಾಗ ಬೇಕು, ಹಾಗಾಗಿ ಒಳಗಿನಿಂದ ಬಿರುಕು ಬಿಡುತ್ತದೆ. ಬೂದು ಬಿಳಿ ಅಥವಾ ಹಳದಿ ಪುಡಿ ಕಾಣಿಸುತ್ತದೆ, ಗಂಧಕದ ಘಾಟು ಬರುತ್ತದೆ. ಹುಟ್ಟಿದ ಆಮ್ಲ ಪೆಟ್ಟಿಗೆಯ ಕಾಗದವನ್ನು, ಲೇಬಲನ್ನು, ಪಕ್ಕದ ಪಳೆಯುಳಿಕೆಯನ್ನೂ ಸುಡುತ್ತದೆ. ದೊಡ್ಡ ದೊಡ್ಡ ಸಂಗ್ರಹಾಲಯಗಳಿಗೂ ಇದು ತಲೆನೋವೇ.

ಇದನ್ನು ಪೂರ್ತಿ ತಡೆಯುವ ಮದ್ದಿಲ್ಲ, ನಿಧಾನಗೊಳಿಸಬಹುದು. ಮುಖ್ಯವಾದದ್ದು ಒಣ ಗಾಳಿ. ಗಾಳಿಯ ಆರ್ದ್ರತೆ ಶೇಕಡಾ 60 ದಾಟಿದರೆ ಕೊಳೆಯುವಿಕೆ ಚುರುಕಾಗುತ್ತದೆ, ಕಡಿಮೆಯಾದಷ್ಟೂ ಒಳ್ಳೆಯದು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಹೊಸ ಶೂ ಪೆಟ್ಟಿಗೆಯಲ್ಲಿ ಸಿಗುವಂಥ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡುವುದು ಸುಲಭದ ಉಪಾಯ. ಮಳೆಗಾಲದ ಮಂಗಳೂರು, ಆಗುಂಬೆಯಂಥ ಕಡೆ ತೆರೆದ ಕಪಾಟಿನಲ್ಲಿ ಪೈರೈಟ್ ಪಳೆಯುಳಿಕೆ ಇಟ್ಟರೆ ಹೆಚ್ಚು ಕಾಲ ಉಳಿಯುವುದಿಲ್ಲ.

ಲೇಪ ಹಚ್ಚುವುದು ಎರಡನೆಯದು. ಸಂಗ್ರಹಾಲಯಗಳಲ್ಲಿ ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳವನ್ನು ಅಸಿಟೋನ್‌ನಲ್ಲಿ ಕರಗಿಸಿ ಬಳಸುತ್ತಾರೆ. ಬೇಕೆಂದಾಗ ಅಸಿಟೋನ್‌ನಿಂದಲೇ ತೆಗೆಯಬಹುದು ಎಂಬುದು ಅದರ ಗುಣ. ಪೀಠೋಪಕರಣದ ವಾರ್ನಿಷ್‌ಗೆ ಆ ಗುಣವಿಲ್ಲ, ಹಳದಿಯೂ ಆಗುತ್ತದೆ. ಅಸಿಟೋನ್ ಬೇಗ ಹೊತ್ತಿಕೊಳ್ಳುವ ದ್ರವ. ಕಿಟಕಿ ತೆರೆದು, ಒಲೆ ಆರಿಸಿ ಕೆಲಸ ಮಾಡಬೇಕು. ತೇವ ಒಳಗೇ ಉಳಿದಿದ್ದರೆ ಲೇಪದಿಂದ ಪ್ರಯೋಜನವಿಲ್ಲ.

ನಮ್ಮ ಒಂಬತ್ತನ್ನೂ ಒಣಗಿಸಿ, ಲೇಪ ಹಚ್ಚಿ, ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿಟ್ಟೆವು. ಆರು ತಿಂಗಳಿಗೆ ತೆರೆದು ನೋಡಿದಾಗ ಎಂಟು ಚೆನ್ನಾಗಿದ್ದವು. ಒಂದರ ನಡುವೆ ಬೂದುಬಣ್ಣದ ಪುಡಿ ಎದ್ದಿತ್ತು. ಪೈರೈಟ್‌ನ ಹರಳುಗಳು ಸೂಕ್ಷ್ಮವಾಗಿದ್ದಷ್ಟೂ ಗಾಳಿಗೆ ತೆರೆದ ಮೈ ಹೆಚ್ಚು, ಅಂಥವು ಬೇಗ ಕೆಡುತ್ತವೆ. ಅದನ್ನು ಬೇರೆ ಡಬ್ಬಿಗೆ ಹಾಕಿ, ಎಲ್ಲ ಕೋನಗಳಿಂದ ಫೋಟೋ ತೆಗೆದಿಟ್ಟೆವು. ಅಂದ ಹಾಗೆ, ಕೆಲವು ಸಾಲಿಗ್ರಾಮಗಳ ಒಳಗೂ ಪೈರೈಟ್ ಇರುತ್ತದೆ. ಅಭಿಷೇಕದ ನಂತರ ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ಪೆಟ್ಟಿಗೆಯಲ್ಲಿಡುವ ರೂಢಿ ಕಲ್ಲಿನ ಆರೋಗ್ಯಕ್ಕೂ ಒಳ್ಳೆಯದೇ.

ಕರ್ನಾಟಕದಲ್ಲಿ ಹೀಗೆ ಹುಡುಕಬಹುದೇ?

ಅಮೋನೈಟ್ ಬೇಕೆಂದರೆ ನಮ್ಮ ರಾಜ್ಯದಲ್ಲಿ ನಿರಾಸೆ ಖಚಿತ. ಕರ್ನಾಟಕದ ಬಹುಪಾಲು ನೆಲ 250 ಕೋಟಿ ವರ್ಷಗಳಿಗೂ ಹಳೆಯ ಶಿಲೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಸುಮಾರು 300 ಕೋಟಿ ವರ್ಷದ್ದು. ಆಗ ಚಿಪ್ಪು, ಮೂಳೆ ಇರುವ ಪ್ರಾಣಿಗಳೇ ಹುಟ್ಟಿರಲಿಲ್ಲ. ಮೇಲಾಗಿ ಕರಗಿ ಗಟ್ಟಿಯಾದ, ಬೆಂದು ಬದಲಾದ ಶಿಲೆಗಳಲ್ಲಿ ಪಳೆಯುಳಿಕೆ ಉಳಿಯುವುದಿಲ್ಲ. ಬಾಗಲಕೋಟೆ ಸೀಮೆಯ ಕಲಾದಗಿ ಶಿಲೆಗಳಂಥ ಕಡೆ ಸೂಕ್ಷ್ಮಜೀವಿಗಳು ಪದರಪದರವಾಗಿ ಕಟ್ಟಿದ ಸ್ಟ್ರೊಮ್ಯಾಟೊಲೈಟ್ ಎಂಬ ರಚನೆಗಳಿವೆ. ಅವೂ ಪಳೆಯುಳಿಕೆಗಳೇ.

ನಮಗೆ ಹತ್ತಿರದ ಅಮೋನೈಟ್ ನೆಲ ತಮಿಳುನಾಡಿನ ಅರಿಯಲೂರು, ಪೆರಂಬಲೂರು ಸೀಮೆ. ಕ್ರಿಟೇಷಿಯಸ್ ಕಾಲದಲ್ಲಿ ಅಲ್ಲಿಯವರೆಗೂ ಸಮುದ್ರ ಬಂದಿತ್ತು. ಗುಜರಾತಿನ ಕಚ್, ಹಿಮಾಚಲದ ಸ್ಪಿತಿ ಕೂಡ ಪ್ರಸಿದ್ಧ. ಆದರೆ ಚಾರ್ಮತ್‌ನ ನಿಯಮ ಎಲ್ಲ ಕಡೆಗೂ ಅನ್ವಯಿಸುವುದಿಲ್ಲ. ಅಲ್ಲಿ ಹೆಕ್ಕದಿದ್ದರೆ ಸಮುದ್ರ ಒಯ್ಯುತ್ತದೆ, ಇಲ್ಲಿ ಬಯಲಿನಲ್ಲಿರುವುದು ಹಾಗೇ ಇರುತ್ತದೆ, ಮುಂದೆ ಬರುವ ವಿದ್ಯಾರ್ಥಿಗೆ ಅದೇ ಪಾಠ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ರಕ್ಷಿಸಿರುವ ತಾಣಗಳಿಂದ ಒಂದು ಚೂರನ್ನೂ ತರಬಾರದು. ಬೇರೆಡೆಯೂ ನೋಡಿ, ಫೋಟೋ ತೆಗೆದು, ಅಲ್ಲೇ ಬಿಟ್ಟು ಬರುವುದು ಒಳ್ಳೆಯ ಅಭ್ಯಾಸ.

ಕೊನೆಯ ಕೆಲಸ: ಚೀಟಿ

ತೊಳೆದು ಒಣಗಿಸಿದ ಮೇಲೆ ಬಹಳ ಮಂದಿ ಬಿಟ್ಟುಬಿಡುವ ಕೆಲಸವೊಂದಿದೆ. ಪ್ರತಿಯೊಂದರ ಜೊತೆ ಒಂದು ಚೀಟಿ: ಎಲ್ಲಿ ಸಿಕ್ಕಿತು, ಯಾವ ದಿನ, ಯಾರಿಗೆ ಸಿಕ್ಕಿತು, ಅದಕ್ಕೆ ಏನು ಹಚ್ಚಿದ್ದೀರಿ. ಅಮೋನೈಟ್‌ಗಳು ಬೇಗಬೇಗ ರೂಪ ಬದಲಿಸಿದ ಜೀವಿಗಳು. ಹಾಗಾಗಿ ಯಾವ ಜಾತಿಯದು ಎಂದು ತಿಳಿದರೆ ಅದಿದ್ದ ಕಲ್ಲಿನ ಪದರದ ಕಾಲವನ್ನು ಹೇಳಬಹುದು. ಜಾಗ ಬರೆದಿಡದಿದ್ದರೆ ಆ ಮಾಹಿತಿ ಹೋಯಿತು, ಉಳಿಯುವುದು ಚೆಂದದ ಕಲ್ಲು ಮಾತ್ರ.

'ಯಾರಿಗೆ ಸಿಕ್ಕಿತು' ಎಂಬುದೂ ಸಣ್ಣ ವಿಷಯವಲ್ಲ. ಮೇರಿ ಆ್ಯನಿಂಗ್ ಹುಡುಕಿ, ಬಿಡಿಸಿ, ಮಾರಿದ ಎಷ್ಟೋ ಪಳೆಯುಳಿಕೆಗಳು ಕೊಂಡವರ, ದಾನ ಕೊಟ್ಟವರ ಹೆಸರಿನಲ್ಲಿ ಸಂಗ್ರಹಾಲಯ ಸೇರಿದವು. ಬಡ ಬಡಗಿಯ ಮಗಳಾದ ಅವಳ ಹೆಸರನ್ನು ಬರೆದವರು ಕಡಿಮೆ. ಲಂಡನ್ನಿನ ಜಿಯಲಾಜಿಕಲ್ ಸೊಸೈಟಿ ಮಹಿಳೆಯರನ್ನು ಫೆಲೋಗಳಾಗಿ ಸೇರಿಸಿಕೊಂಡದ್ದು 1919ರಲ್ಲಿ. ಅಷ್ಟರಲ್ಲಿ ಅವಳು ತೀರಿಕೊಂಡು ಎಪ್ಪತ್ತೆರಡು ವರ್ಷಗಳಾಗಿದ್ದವು.

ನಮ್ಮ ಮೊದಲ ಅಮೋನೈಟ್‌ನ ಚೀಟಿಯನ್ನು ಅದನ್ನು ಕಂಡ ಹುಡುಗಿಯೇ ಬರೆದಳು. ಊರು, ದಿನ, ತನ್ನ ಹೆಸರು, ಆಮೇಲೆ ಯಾರೂ ಹೇಳಿಕೊಡದೆ ಕೊನೆಗೊಂದು ಸಾಲು: 'ನೀರು ತಾಗಿಸಬೇಡಿ.'